ಎಸ್ತರಮ್ಮ ನಮ್ಮ ಅಟ್ಟದ ಕೆಳಗೆ ಹಾಡಿದ ವರ್ಷ

ಹೋದ ತಿಂಗಳು ತುರುವೇಕೆರೆಯಿಂದ ತಿಪಟೂರಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಹೊರಗೆ ಜಿನುಗು ಮಳೆ. ಊರು ಇನ್ನೂ ಎರಡು ಮೈಲಿ ಇರುವಾಗ ಯಾವುದೋ ತೋಟದ ಮನೆಯಿಂದ ತೆಂಗಿನ ಹಸಿ ಮಟ್ಟೆ ಸುಟ್ಟ ಹೊಗೆ ಬಂದು ಮೂಗಿಗೆ ಹೊಡೆಯಿತು. ಯಾರೋ ಕೊಬ್ಬರಿ ಅಟ್ಟಕ್ಕೆ ಹೊಗೆ ಹಾಕಿದ್ದಾರೆ ಎಂದುಕೊಂಡೆ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ, "ಅಂಕಲ್, ಗ್ಲಾಸ್ ಎಳೀರಿ" ಎಂದಳು. ಎಳೆದೆ. ಅಷ್ಟರಲ್ಲಿ ಹೊಗೆ ಒಳಗೆ ಬಂದಾಗಿತ್ತು. ಅದರ ಜೊತೆಗೆ ಎಸ್ತರಮ್ಮನೂ ಬಂದು ಕೂತಾಗಿತ್ತು. ನಾನು ಇಳಿಯಬೇಕಾದ ಸ್ಟಾಪು ದಾಟಿ, ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಎಬ್ಬಿಸಿದ ಮೇಲೆ ಇಳಿದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲದ ಮಾತು ಇದು. ನಾನು ಹುಳಿಯಾರು ಕಡೆಯ ಹಟ್ಟಿಯವನು, ಕುರಿ ಸಾಕುವವರ ಮನೆಯಿಂದ ಬಂದವನು. ಆರನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟು ತಿಪಟೂರಿಗೆ ಬಂದೆ. ಬಿಟ್ಟದ್ದಕ್ಕೆ ಅವತ್ತೂ ನಾಚಿಕೆಯಿರಲಿಲ್ಲ, ಇವತ್ತೂ ಇಲ್ಲ. ನೆಲಕ್ಕೆ ನೆಟ್ಟ ಹಾರೆಯ ಮುಂದೆ ನಿಂತು ಹದಿನೈದು ವರ್ಷ ಪರರ ಕಾಯಿ ಸುಲಿದೆ. ಅಂಗೈ ಚರ್ಮ ಮಟ್ಟೆಗಿಂತ ಗಟ್ಟಿಯಾದ ಮೇಲೆ, ತುರುವೇಕೆರೆ ರಸ್ತೆಯಲ್ಲಿ ಒಂದು ಹಂಚಿನ ಶೆಡ್ಡು ಗುತ್ತಿಗೆಗೆ ಹಿಡಿದು, ನನ್ನದೇ ಅಂತ ಒಂದು ಅಟ್ಟ ಕಟ್ಟಿದೆ. ಆ ಅಟ್ಟಕ್ಕೆ ಮೊದಲ ಸಲ ಕಾಯಿ ಏರಿಸಿದ ದಿನ ಹೆಂಡತಿ ಜಯಮ್ಮ ಏಣಿಗೆ ಅರಿಶಿನ ಕುಂಕುಮ ಹಚ್ಚಿದಳು. ನಾನು ಏಣಿ ಹತ್ತಿ ಇಳಿದು, ಹತ್ತಿ ಇಳಿದು, ಸುಮ್ಮನೆ ನೋಡಿಕೊಂಡೆ. ನನ್ನ ಹೆಸರಿಗೆ ಅಂತ ಭೂಮಿಯ ಮೇಲೆ ಇದ್ದದ್ದು ಅದೊಂದೇ.

ನಮ್ಮ ಕಡೆಯ ಉಂಡೆ ಕೊಬ್ಬರಿಯನ್ನು ಒಣಗಿಸುವುದಿಲ್ಲ, ಕಾಯುತ್ತೇವೆ ಅಂದರೆ ಸರಿ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಇರಬೇಕು. ಮಳೆ ಹಿಡಿದರೆ ಬೂಷ್ಟು ಬರದ ಹಾಗೆ ಕೆಳಗಿನಿಂದ ಹೊಗೆ ಕೊಡಬೇಕು. ಒಳಗಿನ ನೀರು ನಿಧಾನಕ್ಕೆ ಇಂಗಬೇಕು. ಆಮೇಲೆ ಕೊಬ್ಬರಿ ಚಿಪ್ಪನ್ನು ಬಿಟ್ಟು ತಾನೇ ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಮೊದಲು ಗುಳುಗುಳು ಅನ್ನುವುದು ಕೊನೆಗೆ ಲೊಡಲೊಡ ಅನ್ನುತ್ತದೆ. ಆಗ ಇಳಿಸಿ, ಸುಲಿದು, ಚಿಪ್ಪನ್ನು ಮಚ್ಚಿನ ಬೆನ್ನಿನಿಂದ ಸುತ್ತಲೂ ತಟ್ಟಿ, ಒಳಗಿನ ಉಂಡೆಗೆ ಒಂದು ಗೀರೂ ಬೀಳದ ಹಾಗೆ ತೆಗೆಯಬೇಕು. ಆ ಕೆಲಸ ಹೆಂಗಸರದು. ನನ್ನ ಶೆಡ್ಡಿಗೆ ಆ ಕೆಲಸಕ್ಕೆ ಬರುತ್ತಿದ್ದ ಆರು ಜನರಲ್ಲಿ ಎಸ್ತರಮ್ಮ ಒಬ್ಬಳು.

ಆಕೆ ಹುಟ್ಟಿದ್ದು ಮಾಯಸಂದ್ರದ ಹತ್ತಿರ. ಅಪ್ಪ ಬಾವಿ ತೋಡುವ ಕೆಲಸದವರು, ಇನ್ಯಾರದೋ ಬಾವಿಯ ತಳದಲ್ಲೇ ತೀರಿಕೊಂಡರಂತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಗಂಡ ಲಾರಿಯ ಮೇಲೆ ಹೋದರೆ ಹದಿನೈದು ದಿನಕ್ಕೊಮ್ಮೆ ಬರುವವನು. ಭಾನುವಾರ ತಪ್ಪದೆ ತಿಪಟೂರಿನ ಅವರ ಸಣ್ಣ ಚರ್ಚಿನಲ್ಲಿ ಹಾಡುತ್ತಿದ್ದಳು. ಮಿಕ್ಕ ಆರು ದಿನ ನಮ್ಮ ಚಿಪ್ಪಿನ ರಾಶಿಯ ಮುಂದೆ ಹಾಡುತ್ತಿದ್ದಳು. ಪುಸ್ತಕದ ಹಾಡುಗಳ ಜೊತೆಗೆ ತಾನೇ ಕಟ್ಟಿದ ಹಾಡುಗಳೂ ಇದ್ದವು. ಮಿಕ್ಕ ಹೆಂಗಸರು ಹಿಂದೂಗಳು. "ನಿಮ್ಮ ದೇವ್ರು ಕೆಲ್ಸ ಜಾಸ್ತಿ ಮಾಡಿಸ್ತಾನೆ ಕಣೇ ಎಸ್ತರಿ, ಹಾಡು ಕೇಳ್ತಾ ಕೇಳ್ತಾ ರಾಶೀನೇ ಮುಗ್ದೋಯ್ತದೆ" ಅಂತ ಬೈಯುತ್ತಲೇ ದನಿಗೂಡಿಸುತ್ತಿದ್ದರು.

ಆ ವರ್ಷ ಅವರ ಚರ್ಚಿನ ಮಾಡಿಗೆ ಗೆದ್ದಲು ಹಿಡಿದು, ತೊಲೆ ಬೀಳುವ ಹಾಗಾಗಿ, ಹಂಚು ಇಳಿಸಿದರು. ಪ್ರಾರ್ಥನೆ ಯಾರದಾದರೂ ಮನೆಯಲ್ಲಿ ನಡೆಯುತ್ತಿತ್ತು. ಹಾಡಿನ ಅಭ್ಯಾಸಕ್ಕೆ ಮಾತ್ರ ಜಾಗವಿರಲಿಲ್ಲ. ದಸರಾ ಕಳೆದ ಮೇಲೆ ಒಂದು ದಿನ ಕೆಲಸ ಮುಗಿಸಿ ಕೈ ತೊಳೆಯುತ್ತಾ ಎಸ್ತರಮ್ಮ ಮಾತು ತೆಗೆದಳು.

"ಕರಿಯಣ್ಣ, ಒಂದು ಮಾತು ಕೇಳ್ತೀನಿ, ಇಲ್ಲ ಅನ್ಬ್ಯಾಡ."

"ರಜಾನಾ?"

"ರಜಾ ಅಲ್ಲ, ಜಾಗ. ಸಂಜೆ ಹೊತ್ತು ಎರಡು ಗಂಟೆ ಈ ಅಟ್ಟದ ಕೆಳಗೆ ಹಾಡ್ಕಂತೀವಿ. ಎಂಟು ಜನ, ಒಂದು ಹಾರ್ಮೋನಿಯಂ. ನಿನ್ನ ಕಾಯಿ ಒಂದೂ ಮುಟ್ಟಲ್ಲ."

ವಿಷಯ ಪೂರ್ತಿ ತಿಳಿದದ್ದು ಆಮೇಲೆ. ಪ್ರತಿ ವರ್ಷ ಕಾರ್ತಿಕ ಮುಗಿಯುವ ಹೊತ್ತಿಗೆ ತುರುವೇಕೆರೆಯ ಶಾಲೆ ಮೈದಾನದಲ್ಲಿ ಸುತ್ತಿನ ಚರ್ಚುಗಳ ಸಭೆಗಳೆಲ್ಲ ಸೇರಿ ಮೂರು ದಿನ ಸುವಾರ್ತಾ ಕೂಟ, ಅಂದರೆ ಏಸುವಿನ ಮಾತು ಸಾರುವ ಕೂಟ, ನಡೆಸುತ್ತಿದ್ದರು. ಕೊನೆಯ ದಿನ ಬೆಂಗಳೂರಿನಿಂದ ಕ್ಯಾಸೆಟ್ ಮಾಡುವ ಒಬ್ಬ ಮನುಷ್ಯ ಬಂದು ಕೂತು ಕೇಳುತ್ತಿದ್ದ. ಹಿಂದಿನ ವರ್ಷ ಗುಬ್ಬಿ ಕಡೆಯ ಒಬ್ಬ ಹುಡುಗಿಯನ್ನು ಆರಿಸಿಕೊಂಡು ಹೋಗಿದ್ದ. ಅವಳ ದನಿ ಆಗ ಟೇಪುಗಳಲ್ಲಿ ಮನೆಮನೆಗೆ ಹೋಗಿತ್ತು. ಎಸ್ತರಮ್ಮ ಎಂಟು ವರ್ಷದಿಂದ ಗುಂಪಿನಲ್ಲಿ ಹಿಂದೆ ನಿಂತು ಹಾಡಿದವಳು. ಈ ಸಲ ಮೊದಲ ಬಾರಿಗೆ ಒಬ್ಬಳೇ ಹಾಡಲು ಅವಕಾಶ ಸಿಕ್ಕಿತ್ತು, ಅದೂ ಆಕೆಯೇ ಕಟ್ಟಿದ ಹಾಡು.

"ನಂಗೆ ಮೂವತ್ತೆಂಟು ತುಂಬ್ತು ಅಣ್ಣ. ಇದು ತಪ್ಪಿದ್ರೆ ಇನ್ಯಾರು ಕರೀತಾರೆ?" ಎಂದಳು.

ಜಾಗ ಕೊಟ್ಟೆ. ಕೊಡುವಾಗ ಆಕೆ ಇನ್ನೊಂದು ಮಾತು ಸೇರಿಸಿದಳು. "ಕೂಟ ಮುಗಿಯೋಗಂಟ ಹೊಗೆ ಹಾಕ್ಬ್ಯಾಡಣ್ಣ. ಹೊಗೆ ಕುಡುದ್ರೆ ನನ್ನ ಗಂಟ್ಲು ಮುಚ್ಚೋಯ್ತದೆ."

"ಬಿಸ್ಲು ಹಿಂಗೆ ಕಾಯ್ತಾ ಇದೆ, ಹೊಗೆ ಯಾಕವ್ವ ಹಾಕ್ಲಿ? ಹಾಕಲ್ಲ ಬುಡು" ಎಂದೆ. ನಾನು ಮಾತು ಕೊಟ್ಟರೆ ಮುಗಿಯಿತು ಅನ್ನುವ ಹೆಸರು ಮಾರ್ಕೆಟ್ಟಿನಲ್ಲಿತ್ತು. ಆ ಹೆಸರಿನ ಮೇಲೆ ನನಗೆ ಬಹಳ ಅಭಿಮಾನವೂ ಇತ್ತು.

ಸುದ್ದಿ ಹಟ್ಟಿಗೆ ಮುಟ್ಟಲು ವಾರವೂ ಬೇಕಾಗಲಿಲ್ಲ. ಚಿಕ್ಕಪ್ಪನ ಮಗ ಸಿದ್ದಪ್ಪ ಸಂತೆಗೆ ಬಂದವನು ಶೆಡ್ಡಿನ ಬಾಗಿಲಲ್ಲೇ ನಿಂತು, "ಏನ್ಲಾ ಕರಿಯ, ಅಟ್ಟದ ಕೆಳಗೆ ಏಸುನ ಕೂರಿಸ್ಕಂಡಿದ್ದೀಯಂತೆ? ನಾಳೆ ನೀನೂ ಕಿರಸ್ತಾನ ಆಯ್ತೀಯಾ?" ಎಂದ.

"ಅಟ್ಟದ ಕೆಳಗೆ ದನ ಕಟ್ಟಿದ್ರೆ ಯಾರೂ ಕೇಳಲ್ಲ, ಜನ ಕೂತ್ರೆ ಕೇಳ್ತೀರಲ್ಲೋ" ಎಂದೆ.

ಅಲ್ಲೇ ಜಮಖಾನೆ ಹಾಸುತ್ತಿದ್ದ ಅವರ ಅಯ್ಯನವರು, ಅಂದರೆ ಆ ಸಭೆಯ ಪಾದ್ರಿ, ತಣ್ಣಗಿನ ಮನುಷ್ಯ, ತಲೆಯೆತ್ತಿ ನಕ್ಕರು. "ನಮ್ಮ ಸ್ವಾಮಿ ಹುಟ್ಟಿದ್ದೇ ಕೊಟ್ಟಿಗೇಲಿ ಸಿದ್ದಪ್ಪನೋರೆ. ಈ ಜಾಗ ಅವರಿಗೇನು ಹೊಸದಲ್ಲ." ಸಿದ್ದಪ್ಪ ಒಂದು ಲೋಟ ಟೀ ಕುಡಿದು ಹೋದ.

ಆಮೇಲಿನ ಒಂದೂವರೆ ತಿಂಗಳನ್ನು ನಾನು ಮರೆಯಲಾರೆ. ನಾಲ್ಕು ಗಂಟೆಗೆ ಕೆಲಸ ಬಿಡುತ್ತಿದ್ದೆವು. ಚಿಪ್ಪು ಗುಡಿಸಿ ಒಂದು ಮೂಲೆಗೆ ಒಟ್ಟಿ, ನೆಲಕ್ಕೆ ನೀರು ಚಿಮುಕಿಸಿದರೆ ಅವರ ಜಮಖಾನೆ ಬೀಳುತ್ತಿತ್ತು. ಮೇಲೆ ಸಾವಿರಾರು ಕಾಯಿ ಸದ್ದಿಲ್ಲದೆ ಇಂಗುತ್ತಿದ್ದವು. ಕೆಳಗೆ ಹಾರ್ಮೋನಿಯಂ ಉಸಿರೆಳೆಯುತ್ತಿತ್ತು. ಅದನ್ನು ನುಡಿಸುತ್ತಿದ್ದವರು ಸಾಮ್ಯುವೆಲ್ ಮೇಷ್ಟ್ರು. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ಹೇಳಿ ಹಾಡುವವರನ್ನೂ ಬೆಂಚಿನ ಮೇಲೆ ನಿಲ್ಲಿಸುವ ಸ್ವಭಾವ ಬಂದುಬಿಟ್ಟಿತ್ತು. "ಎತ್ತರಕ್ಕೆ ಹೋಗಮ್ಮ ಎಸ್ತರ್, ಎತ್ತರಕ್ಕೆ. ಈಗ ಸಿನಿಮಾದೋರೆಲ್ಲ ಅಲ್ಲಿ ಹಾಡ್ತಾರೆ. ಕೆಳಗಿದ್ರೆ ಯಾರು ಕೇಳ್ತಾರೆ?" ಎನ್ನುತ್ತಿದ್ದರು. ಎಸ್ತರಮ್ಮ ಹಿಮ್ಮಡಿ ಎತ್ತಿಕೊಂಡು, ಕುತ್ತಿಗೆಯ ನರ ಉಬ್ಬಿಸಿಕೊಂಡು ಆ ಎತ್ತರವನ್ನು ಹಿಡಿಯುತ್ತಿದ್ದಳು. ಚೆನ್ನಾಗಿಯೇ ಇರುತ್ತಿತ್ತು, ಸುಳ್ಳು ಹೇಳಬಾರದು. ದಾರಿಯಲ್ಲಿ ಸೈಕಲ್ಲಿನವರು ಕಾಲು ಕೊಟ್ಟು ನಿಲ್ಲುತ್ತಿದ್ದರು. ನಮ್ಮ ಜಯಮ್ಮ ರಾಗಿ ಬೀಸಿಸಲು ಮಿಲ್ಲಿಗೆ ಹೋಗುವವಳು ಚೀಲ ಇಳಿಸಿ ಕೂತುಬಿಡುತ್ತಿದ್ದಳು.

ಸ್ವಾತಿ ಮಳೆ ಕಳೆದು ವಿಶಾಖ ಹಿಡಿಯಿತು. ಮದ್ರಾಸಿನ ಕಡೆ ತೂಫಾನು ಎದ್ದಿದೆ ಅಂತ ರೇಡಿಯೋ ಹೇಳಿತು. ಅಲ್ಲಿ ತೂಫಾನು ಎದ್ದರೆ ನಮ್ಮಲ್ಲಿ ಸೂರ್ಯ ಸಾಯುತ್ತಾನೆ. ದೊಡ್ಡ ಮಳೆಯಲ್ಲ. ಬೆಳಗಿನಿಂದ ಬೆಳಗಿನವರೆಗೆ ಜಿನುಗು, ಗಾಳಿಯಿಲ್ಲದ ಚಳಿ, ಗೋಡೆಗೆ ಕೈ ಇಟ್ಟರೆ ಕೈ ಒದ್ದೆ. ಮೂರು ದಿನ ಸುಮ್ಮನಿದ್ದೆ. ನಾಲ್ಕನೇ ದಿನ ಅಟ್ಟ ಹತ್ತಿ ಒಂದು ಕಾಯಿ ತೆಗೆದು ಒಡೆದು ನೋಡಿದೆ. ಅಂಚಿನಲ್ಲಿ ಹಸಿರು ಬೂಷ್ಟು, ಮೂಗಿಗೆ ಕೌಟು ವಾಸನೆ. ಇನ್ನೊಂದು ಒಡೆದೆ. ಅದೂ ಹಾಗೇ. ಹತ್ತು ತಿಂಗಳು ಕಾದ ಅಟ್ಟ, ಇನ್ನೊಂದು ತಿಂಗಳಲ್ಲಿ ಇಳಿಸಬೇಕಾದದ್ದು, ಕಣ್ಣ ಮುಂದೆ ಕೊಳೆಯುತ್ತಿತ್ತು. ಕೂಟದಲ್ಲಿ ಆಕೆ ಹಾಡುವ ಕೊನೆಯ ದಿನಕ್ಕೆ ಇನ್ನು ನಾಲ್ಕು ದಿನ ಇತ್ತು.

ಎಸ್ತರಮ್ಮನನ್ನು ಕರೆದು ಹೀಗಾಗಿದೆ ಅಂತ ಒಂದು ಮಾತು ಹೇಳಿದ್ದರೆ ಅಭ್ಯಾಸ ಬೇರೆ ಎಲ್ಲಾದರೂ ಆಗುತ್ತಿತ್ತು. ಹೇಳಲಿಲ್ಲ. ಕರಿಯಪ್ಪ ಕೊಟ್ಟ ಮಾತು ತಿರುಗಿಸಿದ ಅನ್ನಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ನನ್ನ ಬುದ್ಧಿಗೆ ಒಂದು ಉಪಾಯ ಹೊಳೆಯಿತು. ಬೆಳಕು ಹರಿಯುವ ಮೊದಲೇ ಹೊಗೆ ಹಾಕಿ, ಹೆಂಗಸರು ಬರುವಷ್ಟರಲ್ಲಿ ಬೆಂಕಿ ಆರಿಸಿದರೆ, ಸಂಜೆಯೊಳಗೆ ಹಂಚಿನ ಸಂದಿಯಲ್ಲಿ ಎಲ್ಲ ಹೋಗಿಬಿಡುತ್ತದೆ ಅಂತ ಲೆಕ್ಕ ಹಾಕಿದೆ. ಅಟ್ಟದ ಕೆಳಗಿನ ಮೂಲೆಯ ಹೊಗೆ ಗುಂಡಿಯಲ್ಲಿ ಚಿಪ್ಪು ಹೊತ್ತಿಸಿ ಮೇಲೆ ಮಟ್ಟೆ ಮುಚ್ಚಿದೆ. ಎಂಟು ಗಂಟೆಗೆ ನೀರು ಹಾಕಿ ಆರಿಸಿದೆ, ಅಂದರೆ ಆರಿತು ಅಂದುಕೊಂಡೆ. ಹದಿನೈದು ವರ್ಷ ಮಟ್ಟೆಯ ಜೊತೆ ಬಾಳಿದವನು ಮಟ್ಟೆಯ ಗುಣ ಮರೆತೆ. ಅದು ಮೇಲೆ ತಣ್ಣಗಿರುತ್ತದೆ, ಒಳಗೆ ಕನಲುತ್ತಲೇ ಇರುತ್ತದೆ. ಮೇಲಾಗಿ ಮಳೆಯ ದಿನ ಹೊಗೆ ಏರುವುದಿಲ್ಲ, ನೆಲದ ಮೇಲೆಯೇ ಮಲಗುತ್ತದೆ.

ಸಂಜೆ ಮಳೆಗೆ ಬಾಗಿಲು ಮುಂದೆ ಮಾಡಿಕೊಂಡು ಹಾಡಲು ಕೂತರು. ಎರಡನೇ ಸಾಲಿಗೇ ಎಸ್ತರಮ್ಮ ಕೆಮ್ಮಿದಳು.

"ಕರಿಯಣ್ಣ, ಹೊಗೆ ವಾಸ್ನೆ ಬತ್ತಾ ಇದೆ."

"ಪಕ್ಕದ ತೋಟದೋರು ಕೊಟ್ಟಿಗೇಲಿ ಸೊಳ್ಳೆಗೆ ಹಾಕವ್ರೆ" ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಆಕೆ ನನ್ನ ಮುಖ ನೋಡಿದಳು. ಸೆರಗು ಸರಿಮಾಡಿಕೊಂಡು ಮತ್ತೆ ಹಾಡಿದಳು. ಮಾರನೆ ದಿನವೂ ಹಾಕಿದೆ, ಅದರ ಮಾರನೆ ದಿನವೂ. ಅಟ್ಟದ ಬೂಷ್ಟು ನಿಂತಿತು. ಎಸ್ತರಮ್ಮನ ದನಿ ಮೂರನೇ ಸಂಜೆಗೆ ಒಡೆದು, ಎತ್ತರಕ್ಕೆ ಹೋದ ಕಡೆಯೆಲ್ಲ ಬರೀ ಗಾಳಿ ಬಂತು.

ಕೂಟದ ಕೊನೆಯ ದಿನ ಅವರನ್ನೆಲ್ಲ ನಾನೇ ಕೊಬ್ಬರಿ ಸಾಗಿಸುವ ಟೆಂಪೋದಲ್ಲಿ ತುರುವೇಕೆರೆಗೆ ಕರೆದುಕೊಂಡು ಹೋದೆ. ಜಯಮ್ಮನೂ ಶೆಡ್ಡಿನ ಹೆಂಗಸರೂ ಬಂದರು. ಮಳೆ ಬಿಟ್ಟಿತ್ತು, ಬಿಸಿಲು ಬಂದಿತ್ತು. ಮೂರು ದಿನ ಮೊದಲೇ ಬಂದಿದ್ದರೆ ಹೊಗೆಯ ಮಾತೇ ಇರುತ್ತಿರಲಿಲ್ಲ. ಶಾಮಿಯಾನದ ಹಿಂದೆ ಎಸ್ತರಮ್ಮ ಬಿಸಿನೀರು ಕುಡಿಯುತ್ತಾ ಕೂತಿದ್ದಳು. ಸಾಮ್ಯುವೆಲ್ ಮೇಷ್ಟ್ರು ಎಲ್ಲರಿಗೂ ಕೇಳುವ ಹಾಗೆ ಕೂಗಾಡುತ್ತಿದ್ದರು.

"ಬುದ್ಧಿ ಬೇಡ್ವೇನಮ್ಮ? ಮಳೇಲಿ ನೆನ್ಕೊಂಡು ಓಡಾಡಿ ಗಂಟ್ಲು ಕೆಡಿಸ್ಕೊಂಡಿದ್ದೀಯ. ಎಂಟು ವರ್ಷಕ್ಕೆ ಒಂದು ಅವಕಾಶ. ಇನ್ನು ಯಾರನ್ನ ನಿಲ್ಲಿಸ್ಲಿ ನಾನು? ನಮ್ಮ ತಂಗಿ ಮಗಳೇ ಹಾಡ್ಲಿ ಬಿಡು."

ಎಸ್ತರಮ್ಮ ತಲೆ ತಗ್ಗಿಸಿ ಲೋಟದ ಒಳಗೆ ನೋಡುತ್ತಿದ್ದಳು. ಜಯಮ್ಮ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದಳು. ಬೆಳಗ್ಗೆ ಎದ್ದು ನಾನು ಎಲ್ಲಿಗೆ ಹೋಗುತ್ತಿದ್ದೆ ಅಂತ ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅಂಗಿ ಒಗೆಯುವವಳು ಅವಳೇ.

"ನೀವ್ ಹೇಳ್ತೀರೋ, ನಾನ್ ಹೇಳ್ಲೋ?"

"ಈಗ ಹೇಳಿದ್ರೆ ಏನ್ ಬಂತು? ಗಂಟ್ಲು ವಾಪಸ್ ಬತ್ತದಾ?"

"ಗಂಟ್ಲು ಬರಲ್ಲ. ಬೈಗುಳ ಆದ್ರೂ ಸರಿಯಾದೋರಿಗೆ ಸೇರ್ತದೆ."

ಅವರ ಕೂಟಗಳಲ್ಲಿ ಒಂದು ಪದ್ಧತಿ ಇದೆ. ಹಾಡಿಗೆ ಮೊದಲು ಜನ ಎದ್ದು ಬಂದು ತಮ್ಮ ಬಾಳಿನಲ್ಲಿ ದೇವರು ಏನು ಮಾಡಿದ ಅಂತ ಹೇಳುತ್ತಾರೆ. ಅದಕ್ಕೆ ಸಾಕ್ಷಿ ಹೇಳುವುದು ಅನ್ನುತ್ತಾರೆ. ಅಯ್ಯನವರು ಮೈಕಿನಲ್ಲಿ, "ಸಾಕ್ಷಿ ಹೇಳುವವರು ಮುಂದೆ ಬರಬಹುದು" ಅಂದರು. ನನಗೆ ಸಾಕ್ಷಿ ಅಂದರೆ ಕೋರ್ಟಿನದು ಮಾತ್ರ ಗೊತ್ತು. ಕೋರ್ಟಿನಲ್ಲಿ ಸುಳ್ಳು ಹೇಳಬಾರದು ಅನ್ನುವುದೂ ಗೊತ್ತು. ಯಾವ ಧೈರ್ಯ ಬಂತೋ, ಹೆಗಲ ಟವಲ್ಲು ತೆಗೆದು ಕೈಯಲ್ಲಿ ಮಡಚಿ ಹಿಡಿದು ಮುಂದೆ ಹೋಗಿಬಿಟ್ಟೆ. ಮೈಕು ಬಾಯಿಗೆ ಬಡಿಯುವಷ್ಟು ಹತ್ತಿರ ಬಂತು.

"ನಾನು ಕರಿಯಪ್ಪ ಅಂತ. ನಿಮ್ಮ ಮತದೋನಲ್ಲ" ಎಂದೆ.

"ಸ್ತೋತ್ರ!" ಎಂದಿತು ಜನ. ಅವರದು ಹಾಗೆ, ಪ್ರತಿ ಮಾತಿಗೂ ದೇವರಿಗೆ ಸ್ತೋತ್ರ ಹೇಳುತ್ತಾರೆ.

"ತಿಪಟೂರಲ್ಲಿ ಕೊಬ್ಬರಿ ಕೆಲಸ ಮಾಡ್ತೀನಿ."

"ಸ್ತೋತ್ರ!"

"ಎಸ್ತರವ್ವನ ಗಂಟ್ಲು ಮಳೇಲಿ ನೆಂದು ಕೆಟ್ಟಿಲ್ಲ. ನಾನು ಕೆಡಿಸಿದ್ದು. ಹೊಗೆ ಹಾಕಲ್ಲ ಅಂತ ಮಾತು ಕೊಟ್ಟಿದ್ದೆ. ಮೂರು ದಿನ ಕದ್ದು ಹಾಕ್ದೆ. ಕೇಳಿದ್ರೆ ಪಕ್ಕದ ತೋಟದೋರು ಅಂತ ಸುಳ್ಳು ಹೇಳ್ದೆ."

ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜ ಅಭ್ಯಾಸಬಲದಿಂದ "ಸ್ತೋತ್ರ!" ಎಂದೇಬಿಟ್ಟ. ಪಕ್ಕದಲ್ಲಿದ್ದ ಅಜ್ಜಿ ಅವನ ತೊಡೆಗೆ ಚಿವುಟಿದಳು. "ಸುಮ್ಕಿರಿ, ಆವಯ್ಯ ತಪ್ಪು ಒಪ್ಕಂತಾವ್ನೆ." ಎರಡು ಸಾಲು ನಕ್ಕವು. "ಅಷ್ಟೇ ನಂದು" ಅಂತ ಹೇಳಿ ಇಳಿದೆ. ನನ್ನ ಆಯುಷ್ಯದಲ್ಲಿ ಅಷ್ಟು ಭಾರದ ಮೂಟೆ ನಾನು ಇಳಿಸಿದ್ದಿಲ್ಲ.

ಎಸ್ತರಮ್ಮ ನನ್ನ ಕಡೆ ನೋಡಲಿಲ್ಲ. ಲೋಟ ಕೆಳಗಿಟ್ಟು ಎದ್ದಳು. ಸೀದಾ ಮೈಕಿನ ಹತ್ತಿರ ಹೋಗಿ ಮೇಷ್ಟ್ರ ಕಡೆ ತಿರುಗಿದಳು.

"ಶ್ರುತಿ ಇಳಿಸಿ ಮೇಷ್ಟ್ರೇ."

"ಎಷ್ಟು?"

"ಇಳಿಸ್ತಾ ಹೋಗಿ. ಸಿಕ್ಕಿದಾಗ ಹೇಳ್ತೀನಿ."

ಮೇಷ್ಟ್ರು ಹಾರ್ಮೋನಿಯಂನಲ್ಲಿ ಒಂದೊಂದೇ ಮನೆ ಕೆಳಗೆ ಒತ್ತುತ್ತಾ ಬಂದರು. ಅವರ ಮುಖ ಸಪ್ಪಗಾಗುತ್ತಾ ಹೋಯಿತು. "ಇದು ಗಂಡಸರ ಶ್ರುತಿ ಆಯ್ತಲ್ಲಮ್ಮ" ಎಂದು ಪಿಸುಗುಟ್ಟಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. "ಇಲ್ಲೇ ಇರ್ಲಿ" ಅಂತ ಎಸ್ತರಮ್ಮ ಕಣ್ಣು ಮುಚ್ಚಿದಳು.

ನೀರಿಲ್ಲದ ಬಾವಿಯ ತಳದಲ್ಲಿ ಕೂತೆ,
ಮೇಲಿಂದ ಯಾರೋ ಹಗ್ಗ ಬಿಟ್ಟರು.

ಒಂದೂವರೆ ತಿಂಗಳು ದಿನಾ ಕೇಳಿದ್ದ ಹಾಡೇ ಅದು. ಆದರೆ ಎತ್ತರದಲ್ಲಿ ಹಾಡಿದಾಗ ಆ ಬಾವಿ ನನಗೆ ಕಂಡಿರಲಿಲ್ಲ. ಈಗ ಕಂಡಿತು. ದನಿ ಒಡೆದಿತ್ತು, ಒಡೆದದ್ದನ್ನು ಮುಚ್ಚಿಡಲು ಆಕೆ ಹೋಗಲಿಲ್ಲ. ಎರಡು ಕಡೆ ಸಾಲು ನಿಂತೇ ಹೋಯಿತು. ನಿಂತಲ್ಲಿ ಉಸಿರು ತೆಗೆದುಕೊಂಡು ಮತ್ತೆ ಎತ್ತಿಕೊಂಡಳು. ಅಪ್ಪನ ಹೆಸರು ಹಾಡಿನಲ್ಲಿ ಇರಲಿಲ್ಲ, ಆದರೂ ಅವರು ತೋಡಿದ ಬಾವಿ ಅದೇ ಅಂತ ನಮ್ಮ ಹೆಂಗಸರಿಗೆಲ್ಲ ಗೊತ್ತಾಯಿತು. ಜಯಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ಮುಗಿದ ಮೇಲೆ ಮೊದಲು ಸ್ತೋತ್ರ ಅಂದದ್ದು ಮುಂದಿನ ಸಾಲಿನ ಆ ಅಜ್ಜನೇ.

ಕ್ಯಾಸೆಟ್ಟಿನ ಮನುಷ್ಯ ಎದ್ದು ಪ್ಯಾಂಟಿನ ಹಿಂಬದಿ ಕೊಡವಿಕೊಂಡು, "ಭಾವ ಇದೆ. ಆದ್ರೆ ಹೆಣ್ಣು ದನಿ ಬೇಕಿತ್ತು ನಮಗೆ" ಅಂತ ಅಯ್ಯನವರಿಗೆ ಹೇಳಿ, ಬೇರೆ ಯಾರದೋ ವಿಳಾಸ ಬರೆದುಕೊಂಡು ಹೊರಟುಹೋದ. ನಾನು ಹತ್ತಿರವೇ ನಿಂತಿದ್ದೆ. ಎಸ್ತರಮ್ಮನೂ ನಿಂತಿದ್ದಳು. ನನ್ನ ಸಾಕ್ಷಿಯಿಂದ ಆದದ್ದೇನೂ ಇಲ್ಲ ಅಂತ ಆಗ ತಿಳಿಯಿತು. ಹೋದದ್ದು ಹೋಯಿತು.

ಟೆಂಪೋ ಹತ್ತುವಾಗ ಒಬ್ಬ ಹೆಂಗಸು ಬಂದಳು. ಮೈದಾನದ ಬೇಲಿಯ ಆಚೆ ನಿಂತು ಕೇಳುತ್ತಿದ್ದವಳಂತೆ. ಸಂಪಿಗೆ ಅನ್ನುವ ಊರಿನ ಕಡೆಯ ತೋಟದವರು, ಒಕ್ಕಲಿಗರು, ಹಣೆಯಲ್ಲಿ ಅಗಲ ಕುಂಕುಮ. "ಅವ್ವ, ನಮ್ಮೆಜಮಾನ್ರು ಮಲಗಿ ಆರು ತಿಂಗ್ಳಾಯ್ತು. ಮಾತಿಲ್ಲ. ಆ ಬಾವಿ ಹಾಡು ಒಂದ್ಸಲ ಬಂದು ಅವ್ರ ಮುಂದೆ ಹೇಳ್ತೀಯಾ? ನಮ್ಮ ದೇವ್ರು ಬೇರೆ, ಏನೂ ಅಂದ್ಕೊಬ್ಯಾಡ" ಎಂದಳು.

ಎಸ್ತರಮ್ಮ ಒಡೆದ ದನಿಯಲ್ಲಿ, "ಭಾನ್ವಾರ ಮಧ್ಯಾಹ್ನ ಬತ್ತೀನಿ ಬುಡವ್ವ" ಎಂದಳು.

ಆಕೆಯ ಹಾಡಿನ ಬಾಳು ಶುರುವಾದದ್ದು ಅಲ್ಲಿಂದ. ಗಂಟಲು ಎಂಟು ಹತ್ತು ದಿನಕ್ಕೆ ಸರಿಹೋಯಿತು. ಶ್ರುತಿಯನ್ನು ಮಾತ್ರ ಮತ್ತೆ ಏರಿಸಲಿಲ್ಲ. "ಅಲ್ಲಿ ಹಾಡುವಾಗ ಬೀಳ್ತೀನೇನೋ ಅಂತ ಭಯ ಆಗ್ತಿತ್ತು ಮೇಷ್ಟ್ರೇ, ಇಲ್ಲಿ ಕಾಲು ನೆಲಕ್ಕೆ ಸಿಗ್ತದೆ" ಅಂದಳಂತೆ. ಆ ವರ್ಷದ ನನ್ನ ಕೊಬ್ಬರಿ ಒಳ್ಳೆಯದಾಗಿಯೇ ಇಳಿಯಿತು. ಅದನ್ನೂ ಹೇಳಲೇಬೇಕು, ಮುಚ್ಚಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಚರ್ಚಿಗೆ ಹೊಸ ಮಾಡು ಬಂದ ಮೇಲೂ ಅವರು ಬುಧವಾರಕ್ಕೊಮ್ಮೆ ನಮ್ಮ ಅಟ್ಟದ ಕೆಳಗೇ ಹಾಡಿದರು. ಹೊಗೆ ಹಾಕುವ ದಿನ ನಾನು ಹಿಂದಿನ ದಿನವೇ ಸೈಕಲ್ ಹತ್ತಿ ಹೋಗಿ ಮನೆಮನೆಗೆ ಹೇಳಿ ಬರುತ್ತಿದ್ದೆ.

ಎಸ್ತರಮ್ಮ ಚಿಪ್ಪು ಒಡೆಯುವುದನ್ನು ಬಿಡಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿಸಿ ಕಾಯಿಲೆಯವರ ಮನೆಗೆ, ಸಾವಿನ ಮನೆಗೆ ಹೋಗಿ ಹಾಡುತ್ತಿದ್ದಳು. ಮೊದಲು ಅವರ ಮತದವರು ಕರೆದರು, ಆಮೇಲೆ ಎಲ್ಲರೂ ಕರೆದರು. ಕಿಬ್ಬನಹಳ್ಳಿ ಕೈಮರದಲ್ಲಿ ಬಸ್ಸಿಗೆ ನಿಂತರೆ ಡ್ರೈವರುಗಳು ಎಲ್ಲಿ ಬೇಕಾದರೂ ನಿಲ್ಲಿಸಿ ಇಳಿಸುತ್ತಿದ್ದರು. ಎರಡು ಸಾವಿರ ಇಸವಿ ದಾಟಿದ ಮೇಲೆ ಸಭೆಯವರೇ ಸೇರಿ ತುಮಕೂರಿನಲ್ಲಿ ಒಂದು ಕ್ಯಾಸೆಟ್ ಮಾಡಿಸಿದರು. ಹತ್ತು ಹಾಡು, ಎಲ್ಲ ಆ ತಗ್ಗಿನ ಶ್ರುತಿಯಲ್ಲಿ. ಒಳಗಿನ ಕಾಗದದಲ್ಲಿ ಉಪಕಾರ ಮಾಡಿದವರ ಹೆಸರುಗಳಿದ್ದವು. ಅಯ್ಯನವರು, ಮೇಷ್ಟ್ರು, ಗಂಡ, ಕೊನೆಗೆ 'ಕರಿಯಣ್ಣನವರ ಅಟ್ಟ'. ನಾನು ಅದನ್ನು ನಾಲ್ಕು ಸಲ ಓದಿದೆ. ಆರನೇ ಕ್ಲಾಸಿನ ತನಕ ಕಲಿತದ್ದು ಅವತ್ತು ಉಪಯೋಗಕ್ಕೆ ಬಂತು.

ಇಷ್ಟಾದರೂ ಒಂದು ಮಾತು ನಮ್ಮಿಬ್ಬರ ನಡುವೆ ಆಗಿರಲಿಲ್ಲ. ಸಾವಿರ ಜನರ ಮುಂದೆ ತಪ್ಪು ಒಪ್ಪಿಕೊಂಡಿದ್ದೆ, ಆಕೆಯೊಬ್ಬಳ ಮುಂದೆ ಒಪ್ಪಿಕೊಂಡಿರಲಿಲ್ಲ. ಆಕೆಯೂ ಕೆದಕಲಿಲ್ಲ.

ಕ್ಯಾಸೆಟ್ ಬಂದ ಮೂರ್ನಾಲ್ಕು ವರ್ಷಕ್ಕೆ ಹಟ್ಟಿಯಲ್ಲಿ ನಮ್ಮವ್ವ ಹಾಸಿಗೆ ಹಿಡಿದಳು. ಊಟ ಬಿಟ್ಟಳು, ಮಾತೂ ಕಡಿಮೆಯಾಯಿತು. ಎಸ್ತರಮ್ಮನಿಗೆ ಹೇಳಲು ನನಗೆ ಸಂಕೋಚ. ಜಯಮ್ಮ ಹೇಳಿದಳು. ಮಾರನೆ ಮಧ್ಯಾಹ್ನವೇ ಹುಳಿಯಾರಿನಲ್ಲಿ ಬಸ್ಸಿಳಿದು, ಬಿಸಿಲಿನಲ್ಲಿ ನಡೆದುಕೊಂಡೇ ಹಟ್ಟಿಗೆ ಬಂದಳು. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುವಾಗ ನಾವಿಬ್ಬರೇ ಇದ್ದೆವು. ನಾನೇ ಬಾಯಿ ಬಿಟ್ಟೆ.

"ಎಸ್ತರವ್ವ, ಅವತ್ತು ನಾನು ಹೊಗೆ ಹಾಕ್ದೆ ಇದ್ದಿದ್ರೆ ನೀನು ಬೆಂಗ್ಳೂರಲ್ಲಿ ದೊಡ್ಡ ಹಾಡುಗಾರ್ತಿ ಆಗಿರ್ತಿದ್ದೆ."

ಹಾಗೇನಿಲ್ಲ ಅಣ್ಣ, ಎಲ್ಲ ಒಳ್ಳೇದಕ್ಕೇ ಆಯ್ತು ಅಂತ ಹೇಳುತ್ತಾಳೆ ಅಂದುಕೊಂಡಿದ್ದೆ. ಆಕೆ ಹಾಗೆ ಹೇಳಲಿಲ್ಲ.

"ಆಗಿರ್ತಿದ್ದೆ ಕಣಣ್ಣ. ನಂಗೂ ಆಸೆ ಇತ್ತು. ಹೊಗೆ ನಿಂದೇ ಅಂತ ಮೊದಲ್ನೇ ದಿನಾನೇ ಗೊತ್ತಿತ್ತು. ಚಿಪ್ಪಿನ ಹೊಗೆ ಯಾವ್ದು, ಸೊಳ್ಳೆ ಹೊಗೆ ಯಾವ್ದು ಅಂತ ನಂಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಕೇಳ್ಲಿಲ್ಲ?"

"ಅಟ್ಟ ಕೊಳೀತಾ ಇದ್ದಿದ್ದೂ ಗೊತ್ತಿತ್ತಲ್ಲ. ಒಂದು ಮಾತು ಹೇಳ್ತಾನೆ ಅಂತ ಕಾದೆ. ಹೇಳಿದ್ರೆ ನಾನೇ ಹಾಕು ಅಂತಿದ್ದೆ. ನೀನು ಹೇಳ್ಲಿಲ್ಲ. ಒಂದು ವರ್ಷ ಸಿಟ್ಟಿತ್ತು ಅಣ್ಣ. ಚಿಪ್ಪು ಒಡೆಯೋವಾಗೆಲ್ಲ ನಿನ್ನ ತಲೆ ಅಂದ್ಕೊಂಡೇ ಒಡೀತಿದ್ದೆ."

"ಆಮೇಲೆ?"

"ಆಮೇಲೆ ಕೈ ನೋವು ಬಂತು. ಬುಟ್ಟೆ."

ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು, "ಎಲ್ಲವ್ರೆ ಅವ್ವ?" ಅಂತ ಎದ್ದು ಒಳಗೆ ಹೋದಳು.

ಅವ್ವನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಕೈ ಹಿಡಿದುಕೊಂಡಳು. ಹಾರ್ಮೋನಿಯಂ ಇಲ್ಲ, ಏನೂ ಇಲ್ಲ. ಆ ಬಾವಿ ಹಾಡನ್ನೇ ಶುರುಮಾಡಿದಳು. ಕೂಟದಲ್ಲಿ ಅಷ್ಟು ಜನರ ಮುಂದೆ ಹೇಗೆ ಹಾಡಿದ್ದಳೋ ಹಾಗೇ, ಒಂದು ಸಾಲೂ ಬಿಡದೆ. ಅವ್ವ ಕಣ್ಣು ತೆರೆಯಲಿಲ್ಲ. ಕಂಬಳಿಯ ಅಂಚಿನ ಮೇಲಿದ್ದ ಬೆರಳು ಮಾತ್ರ ಸಣ್ಣಗೆ ತಾಳ ಹಾಕುತ್ತಿತ್ತು. ಹಾಡು ಮುಗಿಯಿತು. ಅವ್ವ, "ಇನ್ನೊಂದು ಹೇಳವ್ವ" ಎಂದಳು. ನಾಲ್ಕು ದಿನದಲ್ಲಿ ಅವಳ ಬಾಯಿಂದ ಬಂದ ಮೊದಲ ಮಾತು ಅದು.

ಅಷ್ಟರಲ್ಲಿ ಸಿದ್ದಪ್ಪ ಅಂಗಳದಿಂದ ದಡಬಡ ಬಂದ. "ಲೇ ಕರಿಯ, ಬಾಗ್ಲು ಹಾಕ್ಲಾ. ಹಟ್ಟಿ ಪೂರ್ತಿ ಕೇಳಿಸ್ತಾ ಇದೆ. ಯಾರು ಹಾಡ್ತಾವ್ರೆ ಅಂತ ಜನ ಕೇಳ್ತಾವ್ರೆ, ಏನ್ ಹೇಳ್ಲಿ?"

ನಾನು ಹೊಸಿಲ ಮೇಲೆ ಕೂತುಕೊಂಡೆ. ಬಾಗಿಲು ಹಾಕಬೇಕಾದರೆ ಅವನು ನನ್ನನ್ನು ಎತ್ತಿ ಆಚೆ ಇಡಬೇಕಿತ್ತು.

"ಎಸ್ತರಮ್ಮ ಅಂತ ಹೇಳು. ತಿಪಟೂರು ಎಸ್ತರಮ್ಮ. ಕೇಳೋರಿದ್ರೆ ಹತ್ರ ಬಂದು ಕೂತ್ಕಳಿ ಅನ್ನು."

ಒಳಗೆ ಆಕೆ ಎರಡನೇ ಹಾಡು ಎತ್ತಿಕೊಂಡಿದ್ದಳು. ಮೊದಲು ಪಕ್ಕದ ಮನೆಯ ಮುದುಕಿ ಬಂದಳು. ಆಮೇಲೆ ಕುರಿ ಕಡೆಯಿಂದ ಇಬ್ಬರು ಬಂದು ಕೋಲು ಗೋಡೆಗೆ ಒರಗಿಸಿದರು. ಕೊನೆಗೆ ಸಿದ್ದಪ್ಪನೂ ನನ್ನ ಪಕ್ಕ ಹೊಸಿಲ ಮೇಲೆ ಜಾಗ ಮಾಡಿಕೊಂಡು ಕೂತ.